ಓದುಗರ ಪ್ರಶ್ನೆ, ವೈದ್ಯರ ಉತ್ತರ: ಒಂಬತ್ತನೆಯ ದಿನ ಮರಳಿ ಬಂದ ಜ್ವರ

ಕಳೆದ ತಿಂಗಳು ಇದೇ ಅಂಕಣದಲ್ಲಿ ವೆಂಟಿಲೇಟರಿನ ಬಗ್ಗೆ ಬರೆದ ಉತ್ತರಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಸಂಗತಿಯನ್ನು ಬೇರೆ ಬೇರೆ ಮಾತುಗಳಲ್ಲಿ ಕೇಳುತ್ತವೆ. ವೈರಸ್ ಜ್ವರವೆಂದು ಐಸಿಯು ಸೇರಿದ ರೋಗಿಗೆ ನಡುವೆ ಬ್ಯಾಕ್ಟೀರಿಯಾ ಸೋಂಕು ಎಲ್ಲಿಂದ ಬರುತ್ತದೆ? ಆ ಪತ್ರಗಳಲ್ಲಿ ಐದನ್ನು ಆರಿಸಿಕೊಂಡು ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಮ್ಮ ತಂದೆಯವರಿಗೆ 62 ವರ್ಷ, ಬಹಳ ಕಾಲದಿಂದ ಸಕ್ಕರೆ ಕಾಯಿಲೆಯಿತ್ತು. ಕಳೆದ ಮಳೆಗಾಲದಲ್ಲಿ ಎಚ್1ಎನ್1 ಜ್ವರ ಬಂದು ಉಸಿರಾಟ ಕಷ್ಟವಾದಾಗ ಐಸಿಯುಗೆ ಸೇರಿಸಿದೆವು. ಮೂರನೆಯ ದಿನ ವೆಂಟಿಲೇಟರ್ ಹಾಕಿದರು. ಆರನೆಯ ದಿನ ‘ಸುಧಾರಿಸುತ್ತಿದ್ದಾರೆ, ಆಕ್ಸಿಜನ್ ಇಳಿಸುತ್ತಿದ್ದೇವೆ’ ಎಂದರು. ಒಂಬತ್ತನೆಯ ದಿನ ಮತ್ತೆ ಜ್ವರ ಬಂತು. ಶ್ವಾಸಕೋಶಕ್ಕೆ ಬ್ಯಾಕ್ಟೀರಿಯಾ ಸೇರಿದೆ ಎಂದರು. ಹದಿನೇಳನೆಯ ದಿನ ತೀರಿಕೊಂಡರು. ಒಳಗೆ ಹೋಗುವಾಗ ಇಲ್ಲದ ರೋಗ ಒಳಗೆ ಹೇಗೆ ಬಂತು? ‘ಆಸ್ಪತ್ರೆಗೆ ಸೇರಿಸಿದ್ದೇ ತಪ್ಪಾಯಿತು’ ಎಂದು ಅಮ್ಮ ಇಂದಿಗೂ ಹೇಳುತ್ತಾರೆ.
— ಹೆಸರು ಬೇಡ, ಹಾಸನ ಜಿಲ್ಲೆ

ಉತ್ತರ: ನಿಮ್ಮ ತಾಯಿಯವರ ಮಾತಿಗೆ ಮೊದಲು ಉತ್ತರಿಸುತ್ತೇನೆ, ಇದನ್ನು ಅವರಿಗೆ ದಯವಿಟ್ಟು ಓದಿ ಹೇಳಿ. ಮಾಸ್ಕಿನ ಆಕ್ಸಿಜನ್ ಸಾಲದೆ ಹೋದ ಸ್ಥಿತಿಯಲ್ಲಿ ನಿಮ್ಮ ತಂದೆಯವರನ್ನು ಮನೆಯಲ್ಲೇ ಇಟ್ಟುಕೊಂಡಿದ್ದರೆ, ಆರನೆಯ ದಿನದ ಆ ಸುಧಾರಣೆಯನ್ನು ನೀವು ಕಾಣುವ ಸಾಧ್ಯತೆಯೇ ತೀರ ಕಡಿಮೆಯಿತ್ತು. ಸೇರಿಸಿದ್ದು ತಪ್ಪಲ್ಲ.

ಇನ್ನು ರೋಗ ಒಳಗೆ ಬಂದ ಬಗೆ. ನಮ್ಮ ಶ್ವಾಸನಾಳದ ಒಳಗೋಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ರೋಮಗಳಿವೆ. ಅವು ಹಗಲೂ ರಾತ್ರಿ ಒಂದೇ ದಿಕ್ಕಿಗೆ ಅಲುಗುತ್ತ, ಲೋಳೆಯನ್ನೂ ಅದಕ್ಕೆ ಅಂಟಿಕೊಂಡ ಧೂಳು ಮತ್ತು ಸೂಕ್ಷ್ಮಾಣುಗಳನ್ನೂ ಗಂಟಲಿನತ್ತ ದೂಡುತ್ತಿರುತ್ತವೆ. ಇನ್‌ಫ್ಲುಯೆಂಜಾ ವೈರಸ್ ಹೊಕ್ಕು ಹಾಳುಗೆಡಹುವುದು ಈ ರೋಮಗಳನ್ನು ಹೊತ್ತ ಕೋಶಗಳನ್ನೇ. ಗುಡಿಸುವವರಿಲ್ಲದ ಓಣಿಯಲ್ಲಿ ಕಸ ನಿಂತ ಹಾಗೆ ಕಫ ಅಲ್ಲಲ್ಲೇ ನಿಲ್ಲುತ್ತದೆ. ಇದಲ್ಲದೆ ವೈರಸ್ಸಿನ ಮೈಮೇಲಿರುವ ನ್ಯೂರಾಮಿನಿಡೇಸ್ ಎಂಬ ಕಿಣ್ವವು ಕೋಶಗಳ ಹೊರಮೈಯಲ್ಲಿರುವ ಸಿಯಾಲಿಕ್ ಆಮ್ಲವೆಂಬ ಸಕ್ಕರೆಯ ಅಂಶವನ್ನು ಕತ್ತರಿಸುವುದರಿಂದ, ಬ್ಯಾಕ್ಟೀರಿಯಾಗಳಿಗೆ ಅಂಟಿಕೊಳ್ಳಲು ಜಾಗವೂ ಸಿಗುತ್ತದೆ, ಕತ್ತರಿಸಿ ಬಿದ್ದ ಸಕ್ಕರೆ ಆಹಾರವೂ ಆಗುತ್ತದೆ. ಶ್ವಾಸಕೋಶದ ಗಾಳಿಚೀಲಗಳಲ್ಲಿ ಕಾವಲಿದ್ದು ಬಂದ ಬ್ಯಾಕ್ಟೀರಿಯಾವನ್ನು ನುಂಗಿಹಾಕುವ ಮ್ಯಾಕ್ರೊಫೇಜ್ ಕೋಶಗಳು ಆ ದಿನಗಳಲ್ಲಿ ಸಂಖ್ಯೆಯಲ್ಲೂ ಚುರುಕಿನಲ್ಲೂ ಕುಂದುತ್ತವೆ. ವಿಚಿತ್ರವೆಂದರೆ, ವೈರಸ್ಸಿನ ವಿರುದ್ಧ ಹೋರಾಡಲು ದೇಹವೇ ಸ್ರವಿಸುವ ಇಂಟರ್‌ಫೆರಾನ್‌ಗಳು ಈ ಕುಂದಿಗೆ ಒಂದು ಕಾರಣ. ಜ್ವರ ಇಳಿಯಿತೆಂದು ಮನೆಯವರು ನಿಟ್ಟುಸಿರು ಬಿಡುವ ಮೊದಲ ವಾರದ ಕೊನೆಯ ಹೊತ್ತಿಗೇ ಬ್ಯಾಕ್ಟೀರಿಯಾಗಳಿಗೆ ಬಾಗಿಲು ಎಲ್ಲಕ್ಕಿಂತ ಅಗಲವಾಗಿ ತೆರೆದಿರುತ್ತದೆ.

ಇದು ವೈರಸ್ಸಿನ ಪಾಲು. ವೆಂಟಿಲೇಟರಿನ ನಳಿಕೆಯದು ಇನ್ನೊಂದು ಪಾಲು. ಬಾಯಿಯಿಂದ ಶ್ವಾಸನಾಳಕ್ಕೆ ಇಳಿಸುವ ಆ ನಳಿಕೆ ಹೆಚ್ಚುಕಡಿಮೆ ಕಿರುಬೆರಳಿನಷ್ಟು ದಪ್ಪ. ಅದರ ತುದಿಯ ಬಳಿ ಗಾಳಿ ತುಂಬುವ ಸಣ್ಣ ಬಲೂನಿದ್ದು, ಅದನ್ನು ನಾವು ಕಫ್ ಎನ್ನುತ್ತೇವೆ. ಗಾಳಿ ಸೋರದಿರಲಿ, ಎಂಜಲು ಕೆಳಗಿಳಿಯದಿರಲಿ ಎಂಬುದು ಅದರ ಉದ್ದೇಶ. ಆದರೆ ಬಲೂನಿನ ಮಡಿಕೆಗಳ ಸಂದಿಯಲ್ಲಿ, ಅದರ ಮೇಲೆ ಮಡುಗಟ್ಟಿದ ಎಂಜಲು ಹನಿಹನಿಯಾಗಿ ಒಳಗೆ ಜಿನುಗುತ್ತದೆ. ನಿದ್ರೆಯ ಔಷಧ ಕೊಟ್ಟಿರುವುದರಿಂದ ಕೆಮ್ಮಿಲ್ಲ. ಐಸಿಯುಗೆ ಬಂದ ಕೆಲವೇ ದಿನಗಳಲ್ಲಿ ರೋಗಿಯ ಬಾಯಿಯ ಬ್ಯಾಕ್ಟೀರಿಯಾಗಳೇ ಬದಲಾಗಿ, ಕರುಳಿನ ಮತ್ತು ಆಸ್ಪತ್ರೆಯ ಬ್ಯಾಕ್ಟೀರಿಯಾಗಳು ಅಲ್ಲಿ ನೆಲೆಸಿರುತ್ತವೆ. ನಳಿಕೆಯ ಒಳಮೈಗೂ ಅವುಗಳ ಒಂದು ಲೋಳೆಪದರ ಕಟ್ಟಿಕೊಳ್ಳುತ್ತದೆ. ರೋಗಿಯಿಂದ ಹೊರತೆಗೆದ ನಳಿಕೆಯನ್ನು ಉದ್ದಕ್ಕೆ ಸೀಳಿ ನೋಡಿದರೆ, ಬಚ್ಚಲ ಕಲ್ಲಿನ ಪಾಚಿಯಂತೆ ಅದು ಬೆರಳಿಗೆ ಜಾರುತ್ತದೆ. ವೆಂಟಿಲೇಟರ್ ಹಾಕಿ 48 ಗಂಟೆಗಳ ನಂತರ ಹೀಗೆ ಹುಟ್ಟುವ ನ್ಯುಮೋನಿಯಾಕ್ಕೆ ನಮ್ಮಲ್ಲಿ ವಿಎಪಿ ಎಂಬ ಹೆಸರಿದೆ. ನಿಮ್ಮ ತಂದೆಯವರಿಗೆ ಆಗಿದ್ದು ಬಹುಮಟ್ಟಿಗೆ ಇದೇ ಇರಬೇಕು. ಹಳೆಯ ಸಕ್ಕರೆ ಕಾಯಿಲೆ ಅದಕ್ಕೆ ದಾರಿ ಸುಗಮಗೊಳಿಸಿರುತ್ತದೆ.

ಹಾಗಾದರೆ ತಪ್ಪು ಯಾರದೂ ಅಲ್ಲವೇ ಎಂದು ನೀವು ಕೇಳಿಲ್ಲ, ಆದರೆ ಪತ್ರದಲ್ಲಿ ಅದು ಇದೆ. ಎಲ್ಲ ವಿಎಪಿಯೂ ನಿರ್ಲಕ್ಷ್ಯದ ಫಲವಲ್ಲ. ಅಚ್ಚುಕಟ್ಟಾದ ಐಸಿಯುಗಳಲ್ಲೂ ಅದು ಬರುತ್ತದೆ. ಆದರೆ ‘ಇದನ್ನು ತಡೆಯಲಾಗದು’ ಎಂದು ಕೈಚೆಲ್ಲುವುದನ್ನೂ ನಾನು ಒಪ್ಪುವುದಿಲ್ಲ. ಹಾಸಿಗೆಯ ತಲೆಯ ಭಾಗವನ್ನು 30ರಿಂದ 45 ಡಿಗ್ರಿ ಎತ್ತರಿಸಿಡುವುದು, ಕಫ್‌ನ ಒತ್ತಡವನ್ನು ಪಾಳಿಗೊಮ್ಮೆ ಅಳೆದು 20ರಿಂದ 30 ಸೆಂಟಿಮೀಟರ್ ನೀರಿನ ಮಟ್ಟದಲ್ಲಿಡುವುದು, ದಿನಕ್ಕೊಮ್ಮೆ ನಿದ್ರೆಯ ಔಷಧ ಇಳಿಸಿ ರೋಗಿ ತಾನೇ ಉಸಿರಾಡಬಲ್ಲನೇ ಎಂದು ನೋಡುವುದು, ಎಲ್ಲಕ್ಕಿಂತ ಮೊದಲು ಕೈ ತೊಳೆಯುವುದು: ಇವು ಯಾವುವೂ ದುಬಾರಿ ಕೆಲಸಗಳಲ್ಲ, ಆದರೆ ಜನ ಬೇಕು. 2021ರ ಎರಡನೆಯ ಅಲೆಯಲ್ಲಿ ನಾನು ಕೆಲಸ ಮಾಡಿದ ಒಂದು ಐಸಿಯುವಿನಲ್ಲಿ ಐದು ವೆಂಟಿಲೇಟರಿಗೆ ಒಬ್ಬರೇ ನರ್ಸ್ ಇದ್ದ ರಾತ್ರಿಗಳಿದ್ದವು. ಪಿಪಿಇ ಉಡುಪಿನೊಳಗೆ ಬೆವರುತ್ತ, ತೊಟ್ಟ ಕೈಗವಸಿನಲ್ಲೇ ಒಂದು ಹಾಸಿಗೆಯಿಂದ ಇನ್ನೊಂದಕ್ಕೆ ನಾವೆಲ್ಲ ಓಡಾಡಿದೆವು. ಕೈಗವಸು ನಮ್ಮನ್ನು ಕಾಪಾಡಿತು. ಪಕ್ಕದ ಹಾಸಿಗೆಯ ರೋಗಿಯನ್ನು ಕಾಪಾಡಲಿಲ್ಲ. ಒಂದೇ ವಾರದಲ್ಲಿ ನಾಲ್ಕು ಹಾಸಿಗೆಗಳ ರೋಗಿಗಳ ಕಲ್ಚರಿನಲ್ಲಿ, ಅಂದರೆ ಪ್ರಯೋಗಾಲಯದಲ್ಲಿ ಸೂಕ್ಷ್ಮಾಣು ಬೆಳೆಸಿ ನೋಡುವ ಪರೀಕ್ಷೆಯಲ್ಲಿ, ಒಂದೇ ಬ್ಯಾಕ್ಟೀರಿಯಾ ಬೆಳೆದಾಗ ಅದನ್ನು ಹೊತ್ತು ತಿರುಗಿದವರು ಯಾರೆಂದು ಕೇಳುವ ಅಗತ್ಯ ನಮಗ್ಯಾರಿಗೂ ಬೀಳಲಿಲ್ಲ.

ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ವೈದ್ಯರು ವೆಂಟಿಲೇಟರಿನಲ್ಲಿದ್ದ 585 ರೋಗಿಗಳ ದಿನದಿನದ ದಾಖಲೆಗಳನ್ನು ಕಂಪ್ಯೂಟರಿನ ನೆರವಿನಿಂದ ವಿಶ್ಲೇಷಿಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನಿಮ್ಮ ಪತ್ರಕ್ಕೆ ಬಹಳ ಹತ್ತಿರದ್ದು. ಕೋವಿಡ್ ರೋಗಿಗಳು ಐಸಿಯುವಿನಲ್ಲಿ ಹೆಚ್ಚು ದಿನ ಉಳಿದದ್ದರಿಂದ ಅವರಿಗೆ ವಿಎಪಿ ತಗಲುವ ಅವಕಾಶವೂ ಹೆಚ್ಚಿತ್ತು. ಹಾಗೆ ತಗುಲಿದ ನ್ಯುಮೋನಿಯಾ ಚಿಕಿತ್ಸೆಗೆ ಬಗ್ಗಿದವರು ಹೆಚ್ಚಾಗಿ ಬದುಕಿದರು, ಬಗ್ಗದವರಲ್ಲಿ ಸಾವು ಹೆಚ್ಚಿತ್ತು. ದೇಹದ ರೋಗನಿರೋಧಕ ವ್ಯವಸ್ಥೆಯೇ ಮಿತಿಮೀರಿ ಕೆರಳುವ, ಆ ದಿನಗಳಲ್ಲಿ ಎಲ್ಲರ ಬಾಯಲ್ಲಿದ್ದ ‘ಸೈಟೊಕೈನ್ ಬಿರುಗಾಳಿ’ಗಿಂತ ಈ ಎರಡನೆಯ ನ್ಯುಮೋನಿಯಾವೇ ಸಾವಿನೊಂದಿಗೆ ಗಾಢವಾಗಿ ತಳುಕು ಹಾಕಿಕೊಂಡಿತ್ತು. ಆದ್ದರಿಂದ ಒಂಬತ್ತನೆಯ ದಿನದ ಜ್ವರವನ್ನು ಮೊದಲ ಕಾಯಿಲೆಯ ಬಾಲವೆಂದು ನೋಡದೆ, ಹೊಸ ಕಾಯಿಲೆಯೆಂದೇ ನೋಡಬೇಕಾಗುತ್ತದೆ.

ಪ್ರಶ್ನೆ: 1918ರ ಇನ್‌ಫ್ಲುಯೆಂಜಾದಲ್ಲಿ ಜನರನ್ನು ಕೊಂದದ್ದು ವೈರಸ್ ಅಲ್ಲ, ಬ್ಯಾಕ್ಟೀರಿಯಾ ಎಂದು ಎಲ್ಲೋ ಓದಿದೆ. ಇದು ನಿಜವೇ?
— ಪದವಿ ವಿದ್ಯಾರ್ಥಿನಿ, ಮೈಸೂರು

ಉತ್ತರ: ‘ಅಲ್ಲ’ ಎಂಬ ಪದವನ್ನು ತೆಗೆದರೆ ನಿಜಕ್ಕೆ ಹತ್ತಿರವಾಗುತ್ತದೆ. ಅಮೆರಿಕದ ಸಂಶೋಧಕರಾದ ಡೇವಿಡ್ ಮೊರೆನ್ಸ್, ಜೆಫ್ರಿ ಟೌಬೆನ್‌ಬರ್ಗರ್ ಮತ್ತು ಆಂಥೊನಿ ಫೌಚಿ 2008ರಲ್ಲಿ, 1918–19ರಲ್ಲಿ ಮಡಿದ 58 ಮಂದಿಯ ಕಾಪಿಟ್ಟ ಶ್ವಾಸಕೋಶದ ತುಣುಕುಗಳನ್ನು ಮರಳಿ ಪರೀಕ್ಷಿಸಿದರು. ಜೊತೆಗೆ ಆ ಕಾಲದಲ್ಲಿ ಪ್ರಕಟವಾಗಿದ್ದ 8 ಸಾವಿರಕ್ಕೂ ಹೆಚ್ಚು ಶವಪರೀಕ್ಷೆಗಳ ವರದಿಗಳನ್ನು ಓದಿದರು. ಬಹುಪಾಲು ಸಾವುಗಳಲ್ಲಿ, ಗಂಟಲಿನಲ್ಲಿ ಸಾಮಾನ್ಯವಾಗಿ ವಾಸಿಸುವ ನ್ಯುಮೊಕಾಕಸ್, ಸ್ಟ್ರೆಪ್ಟೊಕಾಕಸ್‌ಗಳಂಥ ಬ್ಯಾಕ್ಟೀರಿಯಾಗಳು ವೈರಸ್ ತೆರೆದ ದಾರಿಯಲ್ಲಿ ಇಳಿದು ನ್ಯುಮೋನಿಯಾ ಉಂಟುಮಾಡಿದ್ದವು. ಆಗ ವೆಂಟಿಲೇಟರೂ ಇರಲಿಲ್ಲ, ಪೆನಿಸಿಲಿನ್ನೂ ಇರಲಿಲ್ಲ. 1918ರ ಬೇಸಿಗೆಯಲ್ಲಿ ಮುಂಬಯಿ ಬಂದರಿಗೆ ಇಳಿದು ರೈಲುಹಾದಿ ಹಿಡಿದ ಆ ಜ್ವರ ಭಾರತದಲ್ಲಿ ಕೋಟಿಗೂ ಮೀರಿದ ಜನರನ್ನು ಬಲಿ ತೆಗೆದುಕೊಂಡಿತು.

ಇದರಲ್ಲೊಂದು ಸ್ವಾರಸ್ಯವೂ ಇದೆ. ಜರ್ಮನಿಯ ರಿಚರ್ಡ್ ಫೈಫರ್ 1892ರಲ್ಲಿ ಫ್ಲೂ ರೋಗಿಗಳ ಕಫದಲ್ಲಿ ಒಂದು ಬ್ಯಾಕ್ಟೀರಿಯಾವನ್ನು ಕಂಡು, ಫ್ಲೂಗೆ ಕಾರಣ ಇದೇ ಎಂದುಕೊಂಡರು. ವೈರಸ್ ಸಿಕ್ಕದ್ದು 1933ರಲ್ಲಿ. ಫೈಫರ್ ಕಂಡದ್ದು ವೈರಸ್ಸಿನ ಬೆನ್ನಿಗೆ ಬಂದ ಅತಿಥಿಯನ್ನು. ಆದರೂ ಆ ಬ್ಯಾಕ್ಟೀರಿಯಾಕ್ಕೆ ಇಂದಿಗೂ ಹಿಮೊಫಿಲಸ್ ಇನ್‌ಫ್ಲುಯೆಂಜೆ ಎಂಬ ಹೆಸರೇ ಉಳಿದಿದೆ. 2009ರ ಎಚ್1ಎನ್1 ಪಿಡುಗಿನಲ್ಲೂ, ಅಮೆರಿಕದಲ್ಲಿ ಮಡಿದ 77 ಮಂದಿಯ ಶ್ವಾಸಕೋಶ ಪರೀಕ್ಷಿಸಿದಾಗ 22 ಮಂದಿಯಲ್ಲಿ ಬ್ಯಾಕ್ಟೀರಿಯಾ ಸಿಕ್ಕಿತು. ಹೀಗೆ ಮನೆಯಿಂದಲೇ ವೈರಸ್ಸಿನ ಜೊತೆಗೆ ಬರುವ ಸೋಂಕು ಒಂದು ಬಗೆ, ಹಾಸನದ ಓದುಗರ ತಂದೆಯವರಿಗೆ ಆದಂತೆ ಐಸಿಯುವಿನಲ್ಲಿ ತಗಲುವುದು ಇನ್ನೊಂದು ಬಗೆ. ಎರಡರ ಬ್ಯಾಕ್ಟೀರಿಯಾಗಳೂ ಬೇರೆ, ಔಷಧಗಳೂ ಬೇರೆ.

ಪ್ರಶ್ನೆ: ನಮ್ಮ ಅತ್ತಿಗೆಗೆ ಕೋವಿಡ್ ಬಂದಾಗ ಆಸ್ಪತ್ರೆಗೆ ಸೇರಿದ ಮೊದಲ ದಿನದಿಂದಲೇ ಬಲವಾದ ಆಂಟಿಬಯಾಟಿಕ್ ಇಂಜೆಕ್ಷನ್ ಕೊಟ್ಟಿದ್ದರು. ಆದರೂ ಎರಡನೆಯ ವಾರ ಬ್ಯಾಕ್ಟೀರಿಯಾ ಸೋಂಕು ಬಂತು. ಮುಂಜಾಗ್ರತೆಗೆಂದು ಕೊಟ್ಟ ಔಷಧ ಅದನ್ನು ಏಕೆ ತಡೆಯಲಿಲ್ಲ?
— ನಿವೃತ್ತ ಶಿಕ್ಷಕರು, ಧಾರವಾಡ

ಉತ್ತರ: ಹೊಲದ ಬದುವಿನ ಹುಲ್ಲನ್ನೆಲ್ಲ ಔಷಧ ಹೊಡೆದು ಸುಟ್ಟರೆ ಮುಂದಿನ ಮಳೆಗೆ ಅಲ್ಲಿ ಏಳುವುದು ಪಾರ್ಥೇನಿಯಂ ಎಂಬುದು ನಿಮ್ಮ ಕಡೆಯ ರೈತರಿಗೆ ಗೊತ್ತಿರುವ ಸಂಗತಿ. ಆಂಟಿಬಯಾಟಿಕ್ ವೈರಸ್ಸಿಗೆ ಏನನ್ನೂ ಮಾಡುವುದಿಲ್ಲ. ಆದರೆ ಬಾಯಿ, ಗಂಟಲು, ಕರುಳುಗಳಲ್ಲಿ ಜಾಗ ಹಿಡಿದುಕೊಂಡಿದ್ದ ಸಾಧು ಬ್ಯಾಕ್ಟೀರಿಯಾಗಳನ್ನು ಅಳಿಸಿಬಿಡುತ್ತದೆ. ತೆರವಾದ ಜಾಗಕ್ಕೆ ಬರುವುದು ಆ ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾ. ಎರಡನೆಯ ವಾರದ ಸೋಂಕನ್ನು ಮೊದಲ ದಿನದ ಇಂಜೆಕ್ಷನ್ ತಡೆಯುವುದಿಲ್ಲ. ಬರುವ ಸೋಂಕು ಯಾವ ಔಷಧಕ್ಕೂ ಸುಲಭವಾಗಿ ಬಗ್ಗದಂತೆ ಮಾಡುವ ಸಾಧ್ಯತೆಯೇ ಹೆಚ್ಚು.

ಆಸ್ಪತ್ರೆ ಸೇರಿದ ಕೋವಿಡ್ ರೋಗಿಗಳಲ್ಲಿ ಆಂಟಿಬಯಾಟಿಕ್ ಬೇಕಾಗುವಂಥ ಬ್ಯಾಕ್ಟೀರಿಯಾ ಸೋಂಕು ಇದ್ದದ್ದು ಶೇ. 8ರಷ್ಟು ಮಂದಿಗೆ, ಆಂಟಿಬಯಾಟಿಕ್ ಪಡೆದದ್ದು ಸುಮಾರು ಶೇ. 75 ಮಂದಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2024ರಲ್ಲಿ ತಿಳಿಸಿತು. ಇಲ್ಲಿ ನಮ್ಮ ವೃತ್ತಿಯವರ ಪರವಾಗಿ ಒಂದು ಮಾತು ಹೇಳಬೇಕು. ಮಧ್ಯರಾತ್ರಿ ಏದುಸಿರು ಬಿಡುತ್ತ ಬಂದ ರೋಗಿಯ ಎಕ್ಸ್-ರೇ ಎರಡೂ ಕಡೆ ಬೆಳ್ಳಗಾಗಿದ್ದಾಗ, ಅದರಲ್ಲಿ ವೈರಸ್ ಎಷ್ಟು, ಬ್ಯಾಕ್ಟೀರಿಯಾ ಎಷ್ಟು ಎಂದು ಆ ಗಳಿಗೆಯಲ್ಲಿ ಹೇಳಲು ಬರುವುದಿಲ್ಲ. ಅದರಲ್ಲೂ ಇನ್‌ಫ್ಲುಯೆಂಜಾ ತೀವ್ರವಾಗಿ ಐಸಿಯು ಸೇರಿದವರಿಗೆ ಮೊದಲ ದಿನ ಆಂಟಿಬಯಾಟಿಕ್ ಶುರು ಮಾಡುವುದು ಸರಿಯಾದ ಕ್ರಮವೇ. ಏಕೆಂದರೆ ಫ್ಲೂ ಜೊತೆಗೆ ಬ್ಯಾಕ್ಟೀರಿಯಾ ಬರುವುದು ಕೋವಿಡ್‌ಗಿಂತ ಹೆಚ್ಚು. ತಪ್ಪಾಗುವುದು ಎರಡು ಮೂರು ದಿನಗಳ ಬಳಿಕ. ಕಲ್ಚರಿನಲ್ಲಿ ಏನೂ ಬೆಳೆಯದೆ, ಬ್ಯಾಕ್ಟೀರಿಯಾ ಸೋಂಕಿದ್ದಾಗ ರಕ್ತದಲ್ಲಿ ಏರುವ ಪ್ರೊಕ್ಯಾಲ್ಸಿಟೊನಿನ್ ಮಟ್ಟ ಕಡಿಮೆಯಿದ್ದು, ಕಫ ಕೀವಾಗದೆ ಇರುವಾಗಲೂ ‘ನಡೆಯುತ್ತಿರಲಿ’ ಎಂದು ಮುಂದುವರಿಸುತ್ತಾರಲ್ಲ, ಆ ‘ನಡೆಯುತ್ತಿರಲಿ’ಯೇ ದುಬಾರಿ. ಶುರು ಮಾಡಲು ಬೇಕಾದ ಧೈರ್ಯಕ್ಕಿಂತ ನಿಲ್ಲಿಸಲು ಬೇಕಾದ ಧೈರ್ಯ ದೊಡ್ಡದು. ಕೇಸ್ ಶೀಟಿನಲ್ಲಿ ‘ಆಂಟಿಬಯಾಟಿಕ್ ನಿಲ್ಲಿಸಿದೆ’ ಎಂದು ಬರೆದು ಸಹಿ ಹಾಕುವಾಗ ನನ್ನ ಕೈಯೂ ಎಷ್ಟೋ ಸಲ ತಡೆದಿದೆ.

ಮನೆಯಲ್ಲಿ ನುಂಗುವ ಅಜಿಥ್ರೊಮೈಸಿನ್‌ಗೂ ಇದೇ ಮಾತು. ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ಆಸ್ಪತ್ರೆಯ ಕೋವಿಡ್ ರೋಗಿಗಳಿಗೆ ಅದರಿಂದ ಪ್ರಯೋಜನ ಕಾಣಲಿಲ್ಲ. ಮಾತ್ರೆಯ ಪಟ್ಟಿಯ ಮೇಲೆ ಉದ್ದಕ್ಕೆ ಒಂದು ಕೆಂಪು ಗೆರೆ ಇದ್ದರೆ, ವೈದ್ಯರ ಚೀಟಿಯಿಲ್ಲದೆ ಅದನ್ನು ಕೊಳ್ಳಬಾರದೆಂದು ಅರ್ಥ. ನೆಗಡಿ ಜ್ವರಕ್ಕೆ ಮೆಡಿಕಲ್ ಶಾಪಿನವರು ಕತ್ತರಿಸಿ ಕೊಡುವ ಮೂರು ಮಾತ್ರೆಯ ತುಂಡಿನಲ್ಲಿ ಆ ಗೆರೆಯನ್ನು ಹುಡುಕಿ ನೋಡಿ.

ಪ್ರಶ್ನೆ: ನನ್ನ ಯಜಮಾನರ ಕಫದ ಕಲ್ಚರ್ ರಿಪೋರ್ಟಿನಲ್ಲಿ ‘ಅಸಿನೆಟೊಬ್ಯಾಕ್ಟರ್’ ಎಂದು ಬರೆದು, ಕೆಳಗಿನ ಔಷಧಗಳ ಮುಂದೆಲ್ಲ ‘ಆರ್’ ಎಂದಿತ್ತು. ಕೊನೆಯ ಒಂದೇ ಔಷಧದ ಮುಂದೆ ‘ಐ’. ದೇವರ ದಯದಿಂದ ಅವರು ಗುಣವಾಗಿ ಮನೆಗೆ ಬಂದಿದ್ದಾರೆ. ಆ ಕಾಗದದ ಅರ್ಥವೇನು?
— ಗೃಹಿಣಿ, ಮಂಗಳೂರು

ಉತ್ತರ: ಅವರು ಮನೆಗೆ ಬಂದದ್ದು ಓದಿ ಸಂತೋಷವಾಯಿತು. ನಳಿಕೆಯ ಮೂಲಕ ಹೀರಿ ತೆಗೆದ ಕಫವನ್ನು ಪ್ರಯೋಗಾಲಯದಲ್ಲಿ ತಟ್ಟೆಯ ಮೇಲೆ ಬೆಳೆಸಿ, ಬೆಳೆದ ಬ್ಯಾಕ್ಟೀರಿಯಾದ ಮೇಲೆ ಒಂದೊಂದೇ ಔಷಧ ಪ್ರಯೋಗಿಸಿ ನೋಡುತ್ತಾರೆ. ಇದಕ್ಕೆ ಎರಡರಿಂದ ಮೂರು ದಿನ ಬೇಕು. ‘ಎಸ್’ ಎಂದರೆ ಔಷಧಕ್ಕೆ ಬಗ್ಗುತ್ತದೆ, ‘ಆರ್’ ಎಂದರೆ ಬಗ್ಗುವುದಿಲ್ಲ, ‘ಐ’ ನಡುವಿನದು. ಕೊನೆಯ ಆ ಔಷಧ ಕೊಲಿಸ್ಟಿನ್ ಆಗಿರಬೇಕೆಂದು ನನ್ನ ಊಹೆ. ಪ್ರಯೋಗಾಲಯಗಳು ಅನುಸರಿಸುವ ಅಮೆರಿಕದ ಮಾನದಂಡವು 2020ರಿಂದ ಕೊಲಿಸ್ಟಿನ್‌ಗೆ ‘ಎಸ್’ ಎಂಬ ವರ್ಗವನ್ನೇ ತೆಗೆದುಹಾಕಿದೆ. ಆದ್ದರಿಂದ ಅದರ ಮುಂದೆ ‘ಐ’ ಇದ್ದರೆ ಸಿಗಬಹುದಾದ ಅತ್ಯುತ್ತಮ ಫಲಿತಾಂಶ ಅದೇ. ಗಾಬರಿಗೊಂಡು ಆ ಕಾಗದವನ್ನು ಫೋಟೊ ತೆಗೆದು ಬಂಧುಗಳ ವಾಟ್ಸಾಪ್ ಗುಂಪಿಗೆ ಹಾಕುವವರು ಬಹಳ ಮಂದಿ, ಅದಕ್ಕೇ ಇಷ್ಟು ಹೇಳಿದೆ.

ಅಸಿನೆಟೊಬ್ಯಾಕ್ಟರ್ ಆರೋಗ್ಯವಂತರನ್ನು ಸಾಮಾನ್ಯವಾಗಿ ಕಾಡುವುದಿಲ್ಲ. ಮಂಚದ ಕಂಬಿ, ಮಾನಿಟರಿನ ಗುಂಡಿ, ಕರ್ಟನ್ನುಗಳಂಥ ಒಣ ಜಾಗಗಳ ಮೇಲೆ ವಾರಗಟ್ಟಲೆ ಬದುಕಿರಬಲ್ಲದು. ಅಲ್ಲಿಂದ ಕೈಗೆ, ಕೈಯಿಂದ ರೋಗಿಗೆ. ನಮ್ಮ ದೇಶದ ಐಸಿಯುಗಳಲ್ಲಿ ಅದೂ ಕ್ಲೆಬ್ಸಿಯೆಲ್ಲಾ ಎಂಬ ಇನ್ನೊಂದೂ ದೊಡ್ಡ ತಲೆನೋವು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ದೇಶದ 10 ಆಸ್ಪತ್ರೆಗಳ 17,534 ಕೋವಿಡ್ ರೋಗಿಗಳನ್ನು ಗಮನಿಸಿದಾಗ, ಶೇ. 3.6 ಮಂದಿಗೆ ಬ್ಯಾಕ್ಟೀರಿಯಾ ಅಥವಾ ಶಿಲೀಂಧ್ರದ ಸೋಂಕು ನಂತರ ತಗುಲಿತ್ತು. ಒಟ್ಟು ರೋಗಿಗಳಲ್ಲಿ ಸಾವು ಶೇ. 10.6 ಇದ್ದರೆ, ಸೋಂಕು ತಗುಲಿದವರಲ್ಲಿ ಶೇ. 56.7. ಸೋಂಕು ತಗುಲುವುದು ಮೊದಲೇ ಹೆಚ್ಚು ಬಳಲಿದವರಿಗೆ ಎಂಬುದನ್ನೂ ಸೇರಿಸಿಕೊಂಡೇ ಈ ಅಂಕಿಯನ್ನು ಓದಬೇಕು. ಸಿಕ್ಕ ಬ್ಯಾಕ್ಟೀರಿಯಾಗಳಲ್ಲಿ ಮೊದಲ ಸ್ಥಾನ ಕ್ಲೆಬ್ಸಿಯೆಲ್ಲಾದ್ದು, ಎರಡನೆಯದು ನಿಮ್ಮ ಯಜಮಾನರ ರಿಪೋರ್ಟಿನಲ್ಲಿದ್ದದ್ದು. ಕೊಲಿಸ್ಟಿನ್ 1950ರ ದಶಕದ ಔಷಧ. ಮೂತ್ರಪಿಂಡಕ್ಕೆ ಪೆಟ್ಟು ಕೊಡುತ್ತದೆಂದು ಒಮ್ಮೆ ಮೂಲೆಗೆ ತಳ್ಳಿದ್ದನ್ನು ಬೇರೆ ದಾರಿಯಿಲ್ಲದೆ ಮತ್ತೆ ಕೈಗೆತ್ತಿಕೊಂಡಿದ್ದೇವೆ. ಅದನ್ನು ಪಡೆದಿದ್ದರೆ, ಮುಂದಿನ ಭೇಟಿಯಲ್ಲಿ ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಲು ಮರೆಯಬೇಡಿ.

ಇನ್ನೂ ಒಂದು ಸೂಕ್ಷ್ಮವಿದೆ. ಕಫದಲ್ಲಿ ಬ್ಯಾಕ್ಟೀರಿಯಾ ಬೆಳೆಯಿತೆಂದ ಮಾತ್ರಕ್ಕೆ ಸೋಂಕಿದೆ ಎಂದಲ್ಲ. ನಳಿಕೆಯಲ್ಲಿ ಸುಮ್ಮನೆ ನೆಲೆಸಿರಬಹುದು. ಜ್ವರ, ಬಿಳಿರಕ್ತಕಣಗಳ ಏರಿಕೆ, ಎಕ್ಸ್-ರೇಯಲ್ಲಿ ಹೊಸ ಮಚ್ಚೆ, ಆಕ್ಸಿಜನ್ ಬೇಡಿಕೆಯ ಹೆಚ್ಚಳ, ಇವು ಕೂಡಿಬಂದಾಗ ಮಾತ್ರ ಚಿಕಿತ್ಸೆ. ಕಾಗದಕ್ಕೆ ಚಿಕಿತ್ಸೆ ಕೊಡಬೇಡಿ, ರೋಗಿಗೆ ಕೊಡಿ ಎಂದು ನಮ್ಮ ಹಿರಿಯರು ರೌಂಡ್ಸಿನಲ್ಲಿ ಗದರುತ್ತಿದ್ದುದು ಇದಕ್ಕೇ. ಕೊಟ್ಟಾಗಲೂ ಸಾಮಾನ್ಯವಾಗಿ ಏಳು ದಿನ ಸಾಕು. ಫ್ರಾನ್ಸಿನ 51 ಐಸಿಯುಗಳ 401 ವಿಎಪಿ ರೋಗಿಗಳಲ್ಲಿ 8 ದಿನದ ಚಿಕಿತ್ಸೆ ಪಡೆದವರಲ್ಲಿ 15 ದಿನದವರಿಗಿಂತ ಸಾವು ಹೆಚ್ಚಾಗಲಿಲ್ಲವೆಂದು 2003ರಲ್ಲೇ ತಿಳಿದುಬಂದಿದೆ.

ಪ್ರಶ್ನೆ: ರೋಗಿಯ ಕಡೆಯವರಾಗಿ ನಾವು ಮಾಡಬಹುದಾದದ್ದು ಏನಾದರೂ ಇದೆಯೇ, ಇಲ್ಲ ಹೊರಗಿನ ಕುರ್ಚಿಯಲ್ಲಿ ಕೂತು ಕಾಯುವುದಷ್ಟೆಯೇ?
— ಓದುಗರೊಬ್ಬರು, ಶಿರಸಿ

ಉತ್ತರ: ಮೊದಲೇ ಮಾಡಬಹುದಾದದ್ದು ಲಸಿಕೆ. ಅರವತ್ತು ದಾಟಿದವರು, ಸಕ್ಕರೆ ಕಾಯಿಲೆ, ಉಬ್ಬಸ, ಹೃದಯದ ತೊಂದರೆ ಇರುವವರು ವರ್ಷಕ್ಕೊಮ್ಮೆ ಫ್ಲೂ ಲಸಿಕೆಯನ್ನೂ, ವೈದ್ಯರನ್ನು ಕೇಳಿ ನ್ಯುಮೊಕಾಕಸ್ ಲಸಿಕೆಯನ್ನೂ ಹಾಕಿಸಿಕೊಳ್ಳಬೇಕು. ಮಕ್ಕಳಿಗೆ ನ್ಯುಮೊಕಾಕಸ್ ಲಸಿಕೆ 2021ರಿಂದ ದೇಶದೆಲ್ಲೆಡೆ ಸರ್ಕಾರದಿಂದಲೇ ಸಿಗುತ್ತಿದೆ. ಆರನೆಯ ವಾರ, ಹದಿನಾಲ್ಕನೆಯ ವಾರ, ಒಂಬತ್ತನೆಯ ತಿಂಗಳು.

ಐಸಿಯು ಒಳಗೆ ಬಿಟ್ಟಾಗ ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡೇ ಮುಟ್ಟಿ, ಹೊರಗೆ ಬರುವಾಗಲೂ ಹಚ್ಚಿಕೊಳ್ಳಿ. ದೇವಸ್ಥಾನದ ತೀರ್ಥವನ್ನು ಬಾಯಿಗೆ ಬಿಡಬೇಡಿ, ನಳಿಕೆಯಿದ್ದಾಗ ಅದು ಶ್ವಾಸಕೋಶಕ್ಕೆ ಜಿನುಗಬಲ್ಲದು. ಬೇಕಿದ್ದರೆ ಹಣೆಗೆ ಹಚ್ಚಿ. ದಿನದ ಮಾತುಕತೆಯಲ್ಲಿ ವೈದ್ಯರನ್ನು ‘ಹೇಗಿದ್ದಾರೆ’ ಎಂದು ಕೇಳುವುದರ ಜೊತೆಗೆ, ‘ಕಲ್ಚರಿನಲ್ಲಿ ಏನು ಬೆಳೆಯಿತು, ಆಂಟಿಬಯಾಟಿಕ್ ಎಷ್ಟನೆಯ ದಿನ, ಯಾವಾಗ ನಿಲ್ಲಿಸುತ್ತೀರಿ, ನಳಿಕೆ ತೆಗೆಯಲು ಇವತ್ತು ಪ್ರಯತ್ನಿಸಿದಿರಾ’ ಎಂದು ವಿನಯದಿಂದ ಕೇಳಿ. ಒಳ್ಳೆಯ ವೈದ್ಯರು ಇದಕ್ಕೆ ಬೇಸರಪಡುವುದಿಲ್ಲ.

ಮತ್ತೊಂದು ಸಣ್ಣ ವಸ್ತು. 15 ಪ್ರಯೋಗಗಳನ್ನು ಒಟ್ಟುಗೂಡಿಸಿ 2023ರ ಕೊನೆಯಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ದಿನವೂ ಹಲ್ಲುಜ್ಜಿಸಿದ ರೋಗಿಗಳಿಗೆ ಆಸ್ಪತ್ರೆಯ ನ್ಯುಮೋನಿಯಾ ಕಡಿಮೆಯಾಗಿತ್ತು, ವೆಂಟಿಲೇಟರಿನಲ್ಲಿದ್ದವರಿಗೆ ಅದರ ಲಾಭ ಹೆಚ್ಚು ಕಂಡಿತು. ದಿನಕ್ಕೆ ಎರಡು ಸಲ ಸಾಕು. ಐಸಿಯು ಬಾಗಿಲಲ್ಲಿ ಡೈಪರ್, ಟಿಶ್ಯೂ, ಪೌಡರು ತನ್ನಿರೆಂದು ಚೀಟಿ ಕೊಡುತ್ತಾರಲ್ಲ, ಅದರ ಕೊನೆಯಲ್ಲಿ ಮೃದುವಾದ ಒಂದು ಚಿಕ್ಕ ಮಕ್ಕಳ ಬ್ರಷ್ ಎಂದು ನೀವೇ ಬರೆದುಕೊಂಡು, ತಂದು ನರ್ಸ್ ಕೈಗೆ ಕೊಡಿ.